ಹೊಸ್ತಿಲ ಮಟ್ಟ

“ಏಳೇ ಮೇಲೆ! ನನ್ನ ಜಗಲಿ ಮೇಲೆ ಕೂತ್ಕಂಡು ನನ್ನ ಮನೇನೇ ನೆಲಕ್ಕೆ ತುಳೀತಾ ಇದ್ದೀಯಲ್ಲ, ಹೊಟ್ಟೆಗೆ ಏನು ತಿಂತೀಯ ನೀನು?”

“ಬೆಳಿಗ್ಗೆ ರಾಗಿರೊಟ್ಟಿ ತಿಂದೆ. ಅದಕ್ಕೂ ನಿಂಗೆ ಹೊಟ್ಟೆ ಉರೀತದಾ?” ಪುಟ್ಟತಾಯಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲೂ ಇಲ್ಲ.

“ಪಾಳಿಗೆ ಬಂದೋರು ಕಾಯಿಲೆಯೋರ ಮಾತು ಕೇಳ್ಬೇಕು. ನೀನು ಬಂದಾಗಿಂದ ನಿನ್ನ ಸೊಸೆ ಸಾರಿಗೆ ಉಪ್ಪು ಸುರಿದ್ಲು, ನಿನ್ನ ಸೊಸೆ ಬಾಗಿಲು ಬಡಿದ್ಲು, ಇದೇ ಪುರಾಣ. ನನ್ನ ಕೈ ಹೆಂಗದೆ ಅಂತ ಒಂದಿನ ಕೇಳಿದ್ದೀಯಾ?”

“ಕೇಳೋದೇನು, ಕಣ್ಣಿಗೆ ಕಾಣಕ್ಕಿಲ್ವಾ? ಶುಂಠಿ ಬೇರಿನಂಗೆ ಅದೆ.”

“ನೋಡು ನೋಡು! ಇದಕ್ಕೇ ಕಾಯ್ತಾ ಇದ್ದೆ ನೀನು. ಬಸ್‌ಸ್ಟ್ಯಾಂಡ್ ಅರಳಿಮರದ ಕೆಳಗೆ ನಾನು ಹೂ ಮಾರ್ತಿದ್ದ ಜಾಗ ಹಿಡಿದೆ. ಈಗ ನಾನು ಬಂಡೆಮನೆ ಸೇರಿಬಿಟ್ರೆ ಆ ಜಾಗ ನಿಂಗೇ ಗಟ್ಟಿ. ಅದಕ್ಕೇ ಬಂದು ಬಂದು ಕೂತು ಮನೆ ಇಳಿಸ್ತಾ ಇದ್ದೀಯ.”

ಪುಟ್ಟತಾಯಿ ಎಲೆಯನ್ನು ಮಡಿಸಿ ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಎದ್ದು ಸೆರಗು ಕೊಡವಿಕೊಂಡಳು. “ದೇವೀರಿ, ನಿನ್ನ ಕೈಗಿಂತ ನಿನ್ನ ನಾಲಿಗೆ ಸೊಟ್ಟಗಾಗಿ ಹೋಗದೆ. ಇನ್ನು ಮೆರವಣಿಗೆ ಮಾಡಿ ಕರೆದ್ರೂ ಈ ಜಗಲಿ ತುಳಿಯಾಕಿಲ್ಲ,” ಎಂದು ಹೇಳಿ ಬೀದಿಗೆ ಕಾಲಿಟ್ಟಳು. ಇಳಿಯಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಒಂದು ಕಾಲದಲ್ಲಿ ಐದು ಮೆಟ್ಟಿಲಿದ್ದ ನನ್ನ ಮನೆಗೆ ಆಗ ಒಂದೇ ಮೆಟ್ಟಿಲು ಉಳಿದಿತ್ತು.

ನಮ್ಮೂರಿನಲ್ಲಿ ಗಟ್ಟಿಮುಟ್ಟಾದವರ ಮನೆ ಕಟ್ಟಿದ ಕಡೆ ಕಟ್ಟಿದ ಹಾಗೆ ನಿಂತಿರುತ್ತದೆ. ವಾಸಿಯಾಗದ ಕಾಯಿಲೆ ಹೊಕ್ಕ ಮನೆ ಮಾತ್ರ ಇಳಿಯುತ್ತದೆ. ನೆಗಡಿ, ಜ್ವರಕ್ಕೆಲ್ಲ ಇಳಿಯುವುದಿಲ್ಲ. ಸಕ್ಕರೆ ಕಾಯಿಲೆ, ಉಬ್ಬಸ, ನನಗೆ ಬಂದಿರುವಂಥ ಕೀಲುವಾತ, ಹೀಗೆ ಸಾಯುವ ತನಕ ಜೊತೆಗೇ ಇರುವಂಥದ್ದು ಬಂತೆಂದರೆ ತಳಪಾಯ ಬೀದಿಯ ಮಣ್ಣಿಗೆ ಮೆತ್ತಗೆ ಕುಸಿಯತೊಡಗುತ್ತದೆ. ಗೋಡೆ ಬಿರುಕು ಬಿಡುವುದಿಲ್ಲ, ಹೆಂಚು ಉದುರುವುದಿಲ್ಲ. ಮೆಟ್ಟಿಲುಗಳು ಒಂದೊಂದಾಗಿ ಮಣ್ಣಿನೊಳಗೆ ಹೋಗುತ್ತವೆ, ಅಷ್ಟೆ. ಹೊರಗಿನವರು ಯಾರಾದರೂ ಬಂದು, ಕೂರುವ ಮನಸ್ಸಿನಿಂದ ಕೂತರೆ ಮನೆ ಮತ್ತೆ ಏಳುತ್ತದೆ. ಎದ್ದು ಹೋಗುವ ಮನಸ್ಸಿಟ್ಟುಕೊಂಡು ಕೂತರೆ ಇನ್ನೂ ಇಳಿಯುತ್ತದೆ. ಅದಕ್ಕೇ ನಮ್ಮಲ್ಲಿ ಪಾಳಿ ಎಂದು ಮಾಡಿರುವುದು. ಬೀದಿಯವರು ಸರದಿಯ ಮೇಲೆ ಬಂದು ಕಾಯಿಲೆಯವರ ಜಗಲಿಯಲ್ಲಿ ಕೂರಬೇಕು. ಮನೆಯೊಳಗಿರುವವರ ಲೆಕ್ಕ ಇದರಲ್ಲಿ ಬರುವುದಿಲ್ಲ, ಅವರಿಂದ ಏಳುವುದೂ ಇಲ್ಲ, ಇಳಿಯುವುದೂ ಇಲ್ಲ ಎಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಹೆಣ್ಣು ನೋಡಲು ಬಂದವರು ಮೊದಲು ಮೆಟ್ಟಿಲ ಮೇಲೆ ಕಣ್ಣು ಹಾಯಿಸುತ್ತಾರೆ. ಡಾಕ್ಟರ ಹತ್ತಿರ ಹೋದರೆ ಮಾತ್ರೆ ನುಂಗುತ್ತಿದ್ದೀರಾ ಎಂದು ಕೇಳಿದ ಮೇಲೆ ಹೊಸ್ತಿಲು ಎಲ್ಲಿಗೆ ಬಂತು ಎಂದು ಕೇಳುತ್ತಾರೆ. ಬಡಗಿಯ ಅಂಗಡಿಯಲ್ಲಿ ಮರದ ಮೆಟ್ಟಿಲು ಬಾಡಿಗೆಗೆ ಸಿಗುತ್ತದೆ. ಮನೆ ದಿಢೀರನೆ ಎದ್ದುಬಿಟ್ಟರೆ ಇಳಿಯುವುದಕ್ಕೆ ಬೇಕಲ್ಲ. ಎಷ್ಟೋ ವರ್ಷದಿಂದ ಮಲಗಿರುವ ಒಬ್ಬ ಹಾಸ್ಯಗಾರ ಮುದುಕನ ಮನೆ ಊರಿಗೆಲ್ಲ ಎತ್ತರದಲ್ಲಿದೆ. ಅವನನ್ನು ನೋಡಲು ಹೋಗುವವರು ಏಣಿ ಹಾಕಿಕೊಂಡು ಹತ್ತುತ್ತಾರೆ.

ಹೊಸ್ತಿಲು ಬೀದಿಯ ಸಮಕ್ಕೆ ಬಂದು, ಮಳೆ ನೀರು ಒಳಗೆ ನುಗ್ಗಿತೆಂದರೆ ಮುಗಿಯಿತು. ಮುನಿಸಿಪಾಲಿಟಿಯ ಗಾಡಿ ಬಂದು ನಿಮ್ಮನ್ನು ಹಾಸಿಗೆ ಸಮೇತ ಎತ್ತಿಕೊಂಡು ಗುಡ್ಡದ ಮೇಲಿನ ಬಂಡೆಮನೆಗೆ ಹಾಕುತ್ತದೆ. ಅದು ಬಂಡೆಯ ಮೇಲೆ ಕಟ್ಟಿದ ಉದ್ದನೆಯ ಕಟ್ಟಡ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಮಾತ್ರೆ. ಅದು ಇಳಿಯುವುದಿಲ್ಲ. ಇಳಿಯದ ಮನೆಗೆ ಯಾರೂ ಬಂದು ಕೂರಬೇಕಾಗಿಲ್ಲ. ಒಂದು ಸಲ ನನ್ನ ಅತ್ತೆಯನ್ನು ನೋಡಲು ಅಲ್ಲಿಗೆ ಹೋಗಿದ್ದೆ. ಗೋಡೆಗಳಿಗೆ ಸುಣ್ಣ ಹೊಡೆದು ಚೊಕ್ಕವಾಗಿಟ್ಟಿದ್ದರು. ಅಲ್ಲಿದ್ದವರೆಲ್ಲ ನನ್ನ ಮುಖವನ್ನೇ ನೋಡಿದರು. ಆ ನೋಟವನ್ನು ನಾನು ಈಗಲೂ ಮರೆತಿಲ್ಲ. ಸತ್ತರೂ ಚಿಂತೆಯಿಲ್ಲ, ಅಲ್ಲಿಗೆ ಮಾತ್ರ ಹೋಗಬಾರದು ಎಂದು ಅವತ್ತೇ ತೀರ್ಮಾನಿಸಿದ್ದೆ.

ಮುಂಗಾರು ಹತ್ತಿರ ಬರುತ್ತಿತ್ತು. ನನ್ನ ಮನೆ ಒಂದೇ ಸಮನೆ ಇಳಿಯುತ್ತಿತ್ತು. ಯಾರೋ ಒಬ್ಬರು ಮೋಸದ ಮನಸ್ಸಿನಿಂದ ಬಂದು ಕೂರುತ್ತಿದ್ದಾರೆ ಎಂಬುದು ಖಾತ್ರಿ. ಯಾರು? ಹಾಸಿಗೆಯಲ್ಲಿ ಬಿದ್ದವಳಿಗೆ ಬೇರೆ ಏನು ಕೆಲಸ? ಬಂದು ಹೋದವರ ಮುಖ, ಮಾತು, ಅವರು ಕಾಲು ಚಾಚಿ ಕೂತರೋ ಮಡಚಿ ಕೂತರೋ, ಬಾಗಿಲ ಕಡೆ ಎಷ್ಟು ಸಲ ನೋಡಿದರು, ಎಲ್ಲವನ್ನೂ ಮೆಲುಕು ಹಾಕುತ್ತಿದ್ದೆ. ನನಗೆ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ.

ಪುಟ್ಟತಾಯಿಯನ್ನು ಓಡಿಸಿದ ಮೇಲೆ ಮನೆ ಏಳುತ್ತದೆ ಎಂದುಕೊಂಡೆ. ಮಾರನೆಯ ಬೆಳಿಗ್ಗೆ ನೋಡಿದರೆ ಉಳಿದ ಆ ಒಂದು ಮೆಟ್ಟಿಲೂ ಅರ್ಧ ಮಣ್ಣಲ್ಲಿತ್ತು. ಹಾಗಾದರೆ ಸರ್ವಮಂಗಳಮ್ಮನೇ ಸರಿ ಎಂದುಕೊಂಡೆ. ಅವರು ಹೆಡ್‌ಮಾಸ್ತರ ಹೆಂಡತಿ. ಪಾಳಿ ಬಂದ ದಿನ ಸ್ಟೀಲ್ ಡಬ್ಬಿಯಲ್ಲಿ ಗಂಜಿ ತಂದು, ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿಕೊಳ್ಳುವರು. “ಎಂಥಾ ಮಾಲೆ ಕಟ್ತಿದ್ದ ಕೈ ಕಣಮ್ಮ ಇದು. ಯಾವ ಜನ್ಮದ್ದೋ ಏನೋ,” ಎನ್ನುವರು.

“ಯಾವ ಜನ್ಮದ್ದೂ ಅಲ್ಲ, ಕೀಲುವಾತದ್ದು,” ಎಂದೆ ಅವತ್ತು. “ಅಮ್ಮಾ, ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ನನ್ನ ನೋಡಿದ್ರೆ ನಿಮಗೆ ಒಳಗೊಳಗೇ ಖುಷಿ ಆಯ್ತದಾ?”

“ಅಯ್ಯೋ ಶಿವನೇ! ಏನಮ್ಮ ಹಿಂಗಂತೀಯ?”

“ನಿಮಗೆ ಹಿಂಗಾಗ್ಲಿಲ್ವಲ್ಲ ಅಂತ. ಇಲ್ಲಿಂದ ಎದ್ದು ಹೋಗುವಾಗ ಎಷ್ಟು ಬಿರಬಿರನೆ ನಡೀತೀರ ನೀವು. ನಾನು ಕಿಟಕೀಲಿ ನೋಡ್ತೀನಿ.”

ಅವರ ಮುಖ ಕೆಂಪಗಾಯಿತು. ಡಬ್ಬಿಯ ಮುಚ್ಚಳ ಹಾಕಿಕೊಂಡು ಹೊರಟರು. ಅವತ್ತು ಮಾತ್ರ ಬಿರಬಿರನೆ ನಡೆಯಲಿಲ್ಲ. ನನ್ನ ತಂಗಿ ಶಿವಮ್ಮಣ್ಣಿ ಅಡುಗೆಮನೆಯಿಂದ ಓಡಿ ಬಂದಳು.

“ಏನಕ್ಕ ನೀನು? ಬಂದೋರ್ನೆಲ್ಲ ಹಿಂಗೆ ಓಡಿಸಿದ್ರೆ ಜಗಲಿ ಮೇಲೆ ಕೂರಕ್ಕೆ ಕಾಗೆ ಬತ್ತವಾ?”

“ಬರಲಿ. ಕಾಗೆಗೆ ಕಪಟ ಗೊತ್ತಿಲ್ಲ.”

ಶಿವಮ್ಮಣ್ಣಿ ನನಗಿಂತ ಹತ್ತು ವರ್ಷ ಚಿಕ್ಕವಳು. ನನ್ನ ಗಂಡ ತೀರಿಕೊಂಡಿದ್ದ; ಮಕ್ಕಳಿರಲಿಲ್ಲ. ನನ್ನ ಬೆರಳುಗಳು ದಾರಕ್ಕೆ ಗಂಟು ಹಾಕಲಾರದೆ ನಿಂತ ವರ್ಷ ಅವಳೇ ಟ್ರಂಕು ಹಿಡಿದು ಬಂದಳು. ಅಂದಿನಿಂದ ನನ್ನ ತಲೆ ಬಾಚುವವಳು, ಸೀರೆಯ ನೆರಿಗೆ ಹಿಡಿಯುವವಳು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡುವವಳು ಅವಳೇ. ಬೆಳಿಗ್ಗೆ ನನ್ನ ಕೀಲುಗಳು ಸೌದೆಯಂತೆ ಬಿಗಿದಿರುತ್ತವೆ. ಬಿಸಿನೀರಿನ ಬಟ್ಟೆ ಸುತ್ತಿ ಸುತ್ತಿ ಅವಳು ಬಿಡಿಸದಿದ್ದರೆ ನಾನು ಏಳುವಂತಿಲ್ಲ. ಅವಳ ಬಾಯಿಂದ ಬೇಸರದ ಒಂದು ಮಾತು ನಾನು ಕೇಳಿದವಳಲ್ಲ. ಕೇಳದೇ ಇದ್ದುದಕ್ಕೇ ಅನುಮಾನ ಬರಬೇಕಾಗಿತ್ತು. ಹೊರಗಿನವರ ಮೇಲೆ ಕಣ್ಣಿಟ್ಟು ಕೂತಿದ್ದವಳಿಗೆ ಅದು ಹೊಳೆಯಲಿಲ್ಲ.

ಅವಳ ಉಗುರುಗಳಲ್ಲಿ ಮಣ್ಣು ಕಂಡಾಗ ಹೊಳೆಯಿತು. ಒಂದು ಬೆಳಿಗ್ಗೆ ಬಿಸಿನೀರಿನ ಬಟ್ಟೆ ಹಿಂಡುತ್ತಿದ್ದಳು. ಹತ್ತು ಉಗುರಿನ ಸಂದಿಯಲ್ಲೂ ಬೀದಿಯ ಕೆಮ್ಮಣ್ಣು.

“ಇದೇನೇ?”

“ತುಳಸಿ ಗಿಡಕ್ಕೆ ಪಾತಿ ಮಾಡ್ದೆ,” ಎಂದಳು, ನನ್ನ ಮುಖ ನೋಡದೆ.

ನಮ್ಮ ತುಳಸಿ ಇರುವುದು ಹಳೆಯ ಬಕೆಟ್ಟಿನಲ್ಲಿ. ಅದರಲ್ಲಿರುವುದು ಕೆರೆಯ ಕಪ್ಪು ಗೋಡುಮಣ್ಣು. ನಾನು ಸುಮ್ಮನಾದೆ. ನಾನು ಸುಮ್ಮನಾದರೆ ಶಿವಮ್ಮಣ್ಣಿಗೆ ಹೆದರಿಕೆ. ಅವಳು ಬಟ್ಟೆಯನ್ನು ಇನ್ನೂ ಗಟ್ಟಿಯಾಗಿ ಹಿಂಡಿದಳು.

ಆಮೇಲೆ ಒಂದಕ್ಕೊಂದು ಸೇರುತ್ತಾ ಬಂತು. ಹಿಂದಿನ ಮುಂಗಾರಿನಲ್ಲಿ ಕೊಡೆ ರಿಪೇರಿಯ ಜವರಪ್ಪ ನಮ್ಮ ಜಗಲಿಯಲ್ಲಿ ಕೂತು ಇಡೀ ಬೀದಿಯ ಕೊಡೆಗಳನ್ನು ಹೊಲಿದಿದ್ದ. ಹೆಂಡತಿ ಸತ್ತವನು, ಒಳ್ಳೆಯ ಮಾತುಗಾರ. ಅವನಿಗೆ ನೀರು ಕೊಡಲು ಇವಳು ಎಷ್ಟು ಸಲ ಹೊರಗೆ ಹೋದಳೋ! ಈ ವರ್ಷವೂ ಅವನು ಬಂದು ಕೆರೆಯ ಏರಿಯ ಹತ್ತಿರ ಬಿಡಾರ ಹೂಡಿದ್ದಾನೆ ಎಂದು ಕೇಳಿದ್ದೆ. ನಮ್ಮ ಮನೆಯ ಕೊಡೆಯನ್ನು ಇವಳು ರಿಪೇರಿಗೆ ಕೊಟ್ಟುಬರುತ್ತೇನೆಂದು ಎರಡು ಸಲ ಹೋಗಿದ್ದಳು. ಆ ಕೊಡೆಯಲ್ಲಿ ಒಂದು ತೂತೂ ಇರಲಿಲ್ಲ.

ಸರಿ, ಇನ್ನೇನು ಬೇಕು? ಇವಳು ಹೊತ್ತಾರೆ ಎದ್ದು ತಳಪಾಯದ ಮಣ್ಣು ತೋಡುತ್ತಿದ್ದಾಳೆ. ಮನೆ ಬೇಗ ಇಳಿಯಲಿ, ಗಾಡಿ ಬಂದು ಅಕ್ಕನನ್ನು ಬಂಡೆಮನೆಗೆ ಸಾಗಿಸಲಿ, ಆಮೇಲೆ ತಾನು ಜವರಪ್ಪನ ಹಿಂದೆ ಹೋಗಬಹುದು ಎಂದು. ನನ್ನ ಎದೆ ಉರಿದುಹೋಯಿತು. ನನ್ನ ಬಾಯಿಗೆ ತುತ್ತಿಡುವ ಕೈ! ಅವತ್ತು ಮಧ್ಯಾಹ್ನ ಅವಳು ತುತ್ತು ಚಾಚಿದಾಗ ಅದನ್ನು ಮೂಸಿ ನೋಡಿದೆ. ಅವಳಿಗೆ ಅರ್ಥವಾಯಿತು. ತುತ್ತನ್ನು ಎರಡು ಭಾಗ ಮಾಡಿ, ಒಂದನ್ನು ತಾನು ತಿಂದು, ಇನ್ನೊಂದನ್ನು ನನ್ನ ಬಾಯಿಗಿಟ್ಟಳು.

ಮಾರನೆಯ ದಿನ ಬೆಳಕು ಹರಿಯುವಾಗ ಗೋಡೆ ಹಿಡಿದು, ಹಲ್ಲು ಕಚ್ಚಿ, ಹೇಗೋ ಕಿಟಕಿಯ ತನಕ ಹೋದೆ. ಶಿವಮ್ಮಣ್ಣಿ ಮೆಟ್ಟಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ತೆಂಗಿನ ಚಿಪ್ಪಿನಲ್ಲಿ ಮಣ್ಣು ಕೆರೆದು ಪುಟ್ಟಿಗೆ ತುಂಬುತ್ತಿದ್ದಳು. ಆದರೆ ಅವಳು ತಳಪಾಯದ ಕಡೆಗೆ ತೋಡುತ್ತಿರಲಿಲ್ಲ. ಮೆಟ್ಟಿಲ ಸುತ್ತ ಬೀದಿಯ ಮಣ್ಣನ್ನೇ ಬಳಿದು ಬಳಿದು ತೆಗೆಯುತ್ತಿದ್ದಳು. ಹೂತ ಮೆಟ್ಟಿಲು ಕಾಣುವಂತೆ ಮಾಡಿ, ನೀರು ಚಿಮುಕಿಸಿ, ಸಗಣಿ ಸಾರಿಸಿ, ಮೇಲೊಂದು ರಂಗೋಲಿ ಎಳೆದಳು. ಇಲ್ಲಿಯ ತನಕ ನಾನು ನೋಡಿದ್ದ ಆ ಅರ್ಧ ಮೆಟ್ಟಿಲು ನಿಜವಾದ ಮೆಟ್ಟಿಲಲ್ಲ, ಅವಳು ತೋಡಿ ತೋರಿಸಿದ್ದು. ನಿಜಕ್ಕೂ ನನ್ನ ಹೊಸ್ತಿಲು ಆಗಲೇ ಬೀದಿಯ ಸಮಕ್ಕೆ ಬಂದುಬಿಟ್ಟಿತ್ತು.

ಇದರಿಂದ ನನ್ನ ಅನುಮಾನ ಕಡಿಮೆಯಾಗಲಿಲ್ಲ, ತಿರುಗಿಕೊಂಡಿತು. ನನಗೆ ಕಾಣದಂತೆ ಮುಚ್ಚಿಡುತ್ತಿದ್ದಾಳೆ ಎಂದರೆ, ಯಾರಿಂದ ಇಳಿಯುತ್ತಿದೆ ಎಂಬುದು ಇವಳಿಗೆ ಗೊತ್ತಿದೆ.

ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮಟ್ಟದ ರಾಚಪ್ಪ ಬಂದ. ಹೊಸ್ತಿಲುಗಳ ಮಟ್ಟ ಅಳೆಯುವ ಮುನಿಸಿಪಾಲಿಟಿಯವನು. ನೀರು ತುಂಬಿದ ಪ್ಲಾಸ್ಟಿಕ್ ಪೈಪನ್ನು ಒಂದು ಕೊನೆ ಹೊಸ್ತಿಲಿಗೆ, ಒಂದು ಕೊನೆ ಎದುರು ಮನೆಯ ಕಲ್ಲಿಗೆ ಹಿಡಿದು ನೋಡಿದ. ಆಮೇಲೆ ಬಗ್ಗಿ ಮೆಟ್ಟಿಲ ಸುತ್ತಲಿನ ಮಣ್ಣನ್ನು ಬೆರಳಲ್ಲಿ ಒತ್ತಿದ.

“ಯಾರು ತೋಡಿದ್ದು ಇದನ್ನ?”

“ಹಂದಿ,” ಎಂದೆ ಕಿಟಕಿಯಿಂದ.

“ರಂಗೋಲಿ ಬಿಡೋ ಹಂದಿ ಚೆನ್ನಾಗದೆ ಕಣಕ್ಕ.” ಅವನು ಪೈಪು ಸುತ್ತಿಕೊಂಡ. “ನಿಮ್ಮ ಕಷ್ಟ ನನಗೆ ಅರ್ಥ ಆಯ್ತದೆ. ಆದ್ರೆ ಹೊಸ್ತಿಲು ಸಮ ಆಗದೆ. ಈ ಗುಂಡೀಲಿ ನೀರು ನಿಂತ್ರೆ ಇನ್ನೂ ಬೇಗ ಒಳಗೆ ನುಗ್ತದೆ. ಮೊದಲ ಮಳೆ ಬಿದ್ದ ಮಾರನೆ ದಿನ ಬತ್ತೀನಿ. ಒಳಗೆ ನೀರಿದ್ರೆ ಗಾಡಿಗೆ ಹೇಳ್ದೆ ಬಿಡಕ್ಕಾಗಕಿಲ್ಲ.”

ಅವನು ಹೋದ. ಶಿವಮ್ಮಣ್ಣಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

“ಹೇಳೇ,” ಎಂದೆ. “ಯಾರು? ನಿಂಗೆ ಗೊತ್ತು.”

“ನಂಗೇನ್ ಗೊತ್ತಕ್ಕ.”

“ಸುಳ್ಳು ಬೊಗಳಬೇಡ. ಪುಟ್ಟತಾಯೀನ ಬೈದು ಕಳಿಸ್ದೆ, ಇಳೀತು. ಆ ಹೆಡ್‌ಮಾಸ್ತರ ಹೆಂಡ್ತೀನ ಕಳಿಸ್ದೆ, ಇಳೀತು. ಈಗ ಯಾರೂ ಬರ್ತಿಲ್ಲ, ಆದ್ರೂ ಇಳೀತದೆ. ಯಾವಾಗ ಎದ್ದಿತ್ತು ಹೇಳು? ಸಂಕ್ರಾಂತಿ ಮುಂದೆ ಒಂದ್ಸಲ ಎರಡು ಮೆಟ್ಟಿಲು ಎದ್ದಿತ್ತು. ಅವಾಗ ಯಾರಿದ್ರು?”

ಹೇಳುತ್ತಾ ಹೇಳುತ್ತಾ ನನಗೇ ನೆನಪಾಯಿತು. ಆಗ ಸೋದರತ್ತೆಯ ತಿಥಿಗೆಂದು ಶಿವಮ್ಮಣ್ಣಿ ಊರಿಗೆ ಹೋಗಿದ್ದಳು. ರಾತ್ರಿ ಜೊತೆಗೆ ಮಲಗಲು ಬಂದವಳು ಪುಟ್ಟತಾಯಿ. ಸೊಸೆಯ ಮೇಲೆ ಮುನಿಸಿಕೊಂಡು ಬಂದು, ಇಡೀ ಹೊತ್ತು ಅವಳನ್ನು ಬೈದು, ನನ್ನ ಕೈಲಿ ಬೈಸಿಕೊಂಡು, ಗೊರಕೆ ಹೊಡೆದು ಹೋಗಿದ್ದಳು. ಮನೆ ಎದ್ದದ್ದನ್ನು ಕಂಡು ತಿಥಿಯ ಪುಣ್ಯ ಎಂದುಕೊಂಡಿದ್ದೆ.

ಶಿವಮ್ಮಣ್ಣಿ ಕುಸಿದು ಕೂತಳು. “ನಾನೇ ಕಣಕ್ಕ. ಹೋದ ವರ್ಷದ ಮಳೇಲಿ ಜವರಪ್ಪ ಕೇಳಿದ. ಬತ್ತೀಯಾ ಅಂತ. ಇಲ್ಲ ಅಂದೆ. ನಮ್ಮಕ್ಕನ್ನ ಬಿಟ್ಟು ಬರಕ್ಕಾಗಕಿಲ್ಲ ಅಂದೆ. ಬಾಯಲ್ಲಿ ಅಂದೆ. ಆವತ್ತಿಂದ ಶುರುವಾಯ್ತು. ನಿನ್ನ ತಲೆ ಬಾಚ್ತಾ ಇರ್ತೀನಿ, ಈಗ ಹೋದ್ರೆ ಹೆಂಗೆ ಅನ್ನಿಸ್ತದೆ. ಅಷ್ಟು ಅನ್ನಿಸಿದ್ದೇ ತಡ, ಪಾತ್ರೆ ಗೂಡು ಗಲ್ ಅಂತದೆ, ಮನೆ ಒಂದು ಎಳೆ ಕೆಳಕ್ಕೆ. ಅನ್ನಿಸಬಾರದು, ಅನ್ನಿಸಬಾರದು ಅಂತ ಕೂತ್ರೆ ಇನ್ನೂ ಹೆಚ್ಚು ಅನ್ನಿಸ್ತದೆ.”

“ಮನೆಯೋರ ಲೆಕ್ಕ ಇಲ್ಲ ಅಂತಾರಲ್ಲೇ!”

“ಅನ್ನೋರು ಮನೇಲಿ ಕೂತು ನೋಡವ್ರಾ?”

ನನಗೆ ಬಂದ ಸಿಟ್ಟನ್ನು ಹೇಳಲಾರೆ. ಕೈಗೆ ಸಿಕ್ಕಿದ ಚೊಂಬನ್ನು ಎಸೆದೆ. ನನ್ನ ಬೆರಳುಗಳಿಗೆ ಎಸೆಯಲೂ ಬರುವುದಿಲ್ಲ. ಅದು ನನ್ನ ಕಾಲ ಬುಡದಲ್ಲೇ ಬಿದ್ದು ಉರುಳಿತು. ಅವಳು ಎತ್ತಿಟ್ಟಳು. ಅವಳೇ ಎತ್ತಿಡಬೇಕಾಗಿ ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಮೊದಲೇ ಹೇಳಿದ್ದರೆ ಏನಾಗುತ್ತಿತ್ತು? ಏನಾಗುತ್ತಿತ್ತೋ ನನಗೆ ಗೊತ್ತು. ಹೋಗಬೇಡ ಎಂದು ಅವಳ ಕಾಲಿಗೆ ಬೀಳುತ್ತಿದ್ದೆ. ಅವಳಿಗೂ ಅದು ಗೊತ್ತಿತ್ತು.

ಸಾಯಂಕಾಲ ಜಗಲಿಗೆ ಬಂದು ಕೂತು ಎದುರು ಸಾಲಿನ ಮನೆಗೆ ಕೇಳುವಂತೆ ಕೂಗಿದೆ. “ಪುಟ್ಟತಾಯೀ! ಏ ಪುಟ್ಟತಾಯೀ!”

ಪುಟ್ಟತಾಯಿ ಹೊರಗೆ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಪಾಳಿಗೆ ಬರಾಕಿಲ್ಲ ಅಂದಿದ್ದೀನಿ.”

“ಪಾಳಿಗೆ ಯಾರು ಕರೆದ್ರು ನಿನ್ನ? ನಿನ್ನ ಸೊಸೆ ಇವತ್ತೇನು ಮಾಡಿದ್ಲು?”

ಅವಳು ಸೊಂಟದಿಂದ ಕೈ ತೆಗೆದಳು. ಆಮೇಲೆ ಬೀದಿ ದಾಟಿ ಬಂದು ಕೂತು, “ಹಾಲು ಉಕ್ಕಿಸಿದ್ಲು. ಬೇಕಂತಲೇ,” ಎಂದಳು. ಹೇಳಬೇಕಾದದ್ದನ್ನು ನಾನು ನೇರವಾಗಿಯೇ ಹೇಳಿದೆ. ಶಿವಮ್ಮಣ್ಣಿ ಹೋಗಬೇಕು. ಹೋದರೆ ನನ್ನ ತಲೆ ಬಾಚುವವರಿಲ್ಲ, ತುತ್ತಿಡುವವರಿಲ್ಲ.

“ನಂಗೆ ಬಾಚಕ್ಕೆ ಬರಾಕಿಲ್ಲ,” ಎಂದಳು ಪುಟ್ಟತಾಯಿ. “ಎಳೆದ್ರೆ ಕಿರುಚಬೇಡ. ಬೆಳಿಗ್ಗೆ ಹೂ ಮಾರ್ಕೆಟ್ಟಿಗೆ ಹೋಗೋಕೆ ಮುಂಚೆ ಬತ್ತೀನಿ, ಕೈಕಾಲು ಬಿಡಿಸ್ಕೊಡ್ತೀನಿ. ಹೂ ಬುಟ್ಟೀನೂ ಇಲ್ಲೇ ತತ್ತೀನಿ. ನಾನು ಕಟ್ತೀನಿ, ನೀನು ಬಣ್ಣ ಹೇಳು. ನನ್ನ ಮಾಲೆ ಚೆನ್ನಾಗಿಲ್ಲ ಅಂತ ಗಿರಾಕಿಗಳೂ ಅಂತಾವ್ರೆ. ಮಧ್ಯಾಹ್ನದ ಊಟಕ್ಕೆ ಆ ಹೆಡ್‌ಮಾಸ್ತರ ಹೆಂಡ್ತೀನ ಕೇಳಬೇಕು. ಕೇಳಕ್ಕೆ ನಿಂಗೆ ಮುಖ ಇಲ್ಲ, ನಾನು ಕೇಳ್ತೀನಿ.”

“ಯಾಕೆ ಇಷ್ಟೆಲ್ಲ? ನಿಂಗೇನು ಲಾಭ?”

“ಥೂ ನಿನ್ನ! ಮನೇಲಿ ಸೊಸೆ ಮುಖ ನೋಡಕ್ಕಿಂತ ನಿನ್ನ ಮುಖ ವಾಸಿ ಕಣೇ.”

ಅದು ನಿಜವೋ ಸುಳ್ಳೋ ಎಂದು ಅವಳ ಮುಖವನ್ನು ಬಹಳ ಹೊತ್ತು ನೋಡಿದೆ. ಗೊತ್ತಾಗಲಿಲ್ಲ. ಅವಳು ಮಾತ್ರ ಕಾಲು ಚಾಚಿ ಕೂತಿದ್ದಳು.

ಮಾರನೆಯ ದಿನ ಮೋಡ ಕಟ್ಟಿತು. ಬೆಳಿಗ್ಗೆಯೇ ಶಿವಮ್ಮಣ್ಣಿಯನ್ನು ಕರೆದು, “ಟ್ರಂಕು ಕಟ್ಟು. ಕೆರೆ ಏರಿ ಹತ್ರ ಹೋಗು,” ಎಂದೆ.

“ಹೋಗಾಕಿಲ್ಲ. ಮೊದಲ ಮಳೆ ಕಳೀಲಿ. ಆಮೇಲೆ ನೋಡಾನ.”

“ಮೊದಲ ಮಳೆಗೆ ನಾನು ಬಂಡೆಮನೆ ಸೇರಿರ್ತೀನಿ. ನೀನು ಇಲ್ಲಿದ್ದಷ್ಟು ಹೊತ್ತೂ ನನ್ನ ಗುಂಡಿ ತೋಡ್ತಾ ಇದ್ದೀಯ. ಹೋಗು ಅಂದ್ರೆ ಹೋಗು.”

“ನಿನ್ನ ಹಿಂಗೆ ಬಿಟ್ಟು ಹೋದ್ರೆ ನನ್ನ ಅನ್ನ ನಂಗೆ ಇಳೀತದಾ ಅಕ್ಕ?”

“ಜವರಪ್ಪನ ಕೈಲಿ ನೀರು ಕುಡ್ಕೊಂಡು ಇಳಿಸ್ಕೋ. ನಿನ್ನ ಕೈ ಊಟ ನಂಗೂ ಸಾಕಾಗದೆ. ಒಂದಿನಾನೂ ಸಾರಿಗೆ ಹುಳಿ ಸರಿ ಇದ್ದಿದ್ದಿಲ್ಲ. ತಲೆ ಬಾಚಿದ್ರೆ ಸಿಕ್ಕು ಹಂಗೇ ಇರ್ತಿತ್ತು. ಮುಖಕ್ಕೆ ಹೇಳಬಾರದು ಅಂತ ಇಷ್ಟು ವರ್ಷ ಸಹಿಸ್ಕಂಡಿದ್ದೆ.”

ಅವಳು ನನ್ನನ್ನು ನೋಡಿದಳು. ನಾನು ಯಾರ ಮುಖಕ್ಕೆ ಯಾವುದನ್ನು ಹೇಳದೆ ಬಿಟ್ಟವಳು? ಅವಳು ನಂಬಲಿಲ್ಲ. ಆದರೂ ಒಳಗೆ ಹೋಗಿ ಟ್ರಂಕು ತಂದಳು. ಬಾಚಣಿಗೆ ತಂದು, ಜಗಲಿಯಲ್ಲಿ ಕೂತಿದ್ದ ನನ್ನ ತಲೆ ಬಾಚಿದಳು. ಒಂದು ಸಿಕ್ಕೂ ಉಳಿಯದ ಹಾಗೆ ಬಾಚಿ, ಬಿಗಿಯಾಗಿ ಜಡೆ ಹೆಣೆದಳು. ನಾಲ್ಕು ದಿನಕ್ಕೂ ಬಿಚ್ಚದಂಥ ಜಡೆ. ಈ ಸಲ ಪಾತ್ರೆ ಗೂಡು ಗಲ್ ಎನ್ನಲಿಲ್ಲ.

ಅವಳು ಟ್ರಂಕು ಎತ್ತಿಕೊಂಡು ಹೊಸ್ತಿಲು ದಾಟಿದಳು. ಹೊಸ್ತಿಲೂ ಬೀದಿಯೂ ಒಂದೇ ಸಮ. ಬಟ್ಟಲಿನಿಂದ ನೀರು ಚೆಲ್ಲಿದಷ್ಟು ಸಲೀಸಾಗಿ ಹೊರಗೆ ಹೋದಳು. ತಾನು ಕೆರೆದ ಗುಂಡಿಯನ್ನು ಸುತ್ತಿಕೊಂಡು ಬೀದಿಯ ನಡುವಿಗೆ ಹೋಗಿದ್ದಳು, ಅಷ್ಟರಲ್ಲಿ ದಪ್ಪ ಹನಿ ಬಿತ್ತು. ಅವಳು ನಿಂತಳು. ಕೊಡೆ ಒಳಗೆ ಗೂಟದಲ್ಲೇ ನೇತಾಡುತ್ತಿತ್ತು. ತೆಗೆದುಕೊಳ್ಳಲೆಂದು ತಿರುಗಿದಳು.

ನನ್ನ ಬೆನ್ನ ಹಿಂದಿನ ಗೋಡೆ ಮೆತ್ತಗೆ ನರಳಿತು. ಬೀದಿ ಕೆಳಕ್ಕೆ ಹೋಯಿತು ಎಂದುಕೊಂಡೆ, ಹೋದದ್ದು ಬೀದಿಯಲ್ಲ, ಎದ್ದದ್ದು ಮನೆ. ಮಣ್ಣು ಮೆತ್ತಿದ ಒಂದು ಮೆಟ್ಟಿಲು ಹೊರಬಂತು, ಅದರ ಕೆಳಗೆ ಇನ್ನೊಂದು. ಶಿವಮ್ಮಣ್ಣಿ ಆ ಹಸಿ ಮೆಟ್ಟಿಲುಗಳನ್ನು ನೋಡಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಅವಳಿಗೆ ನೋವಾಯಿತೋ, ಹಗುರಾಯಿತೋ, ಎರಡೂ ಆಯಿತೋ, ಅಷ್ಟು ದೂರದಿಂದ ನನಗೆ ಕಾಣಲಿಲ್ಲ. ಹನಿ ಜೋರಾಗುತ್ತಿತ್ತು.

“ಕೊಡೆ!” ಎಂದು ಕೂಗಿದೆ. “ಬಂದು ತಗಂಡು ಹೋಗೇ!”

ಅವಳು ಮೊದಲ ಮೆಟ್ಟಿಲ ತನಕ ಬಂದಳು. ಕಾಲೆತ್ತಿದಳು. ಇಡಲಿಲ್ಲ. ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಸೆರಗನ್ನು ತಲೆಯ ಮೇಲೆ ಹೊದ್ದು, ಮಳೆಯಲ್ಲೇ ಕೆರೆಯ ಕಡೆ ನಡೆದಳು.

ನೀರು ಬೀದಿಯ ತುಂಬ ಹರಿಯಿತು. ಕೆಳಗಿನ ಮೆಟ್ಟಿಲನ್ನು ತೊಳೆದುಕೊಂಡು ಹೋಯಿತೇ ಹೊರತು ಒಳಗೆ ಬರಲಿಲ್ಲ. ಮಾರನೆಯ ದಿನ ರಾಚಪ್ಪ ಪೈಪು ಹಿಡಿದು ಬಂದು, ನೋಡಿ, ಅದನ್ನು ಸುತ್ತಿಕೊಂಡು ಹೋದ. ಪುಟ್ಟತಾಯಿ ಐದನೆಯ ದಿನ ಜಡೆ ಬಿಚ್ಚಿ ಬಾಚಿದಳು, ನಾನು ಕಿರುಚಿದೆ. ಕೊಡೆ ಗೂಟದಲ್ಲೇ ಇದೆ. ಅದನ್ನು ತೆಗೆದುಕೊಂಡು ಹೋಗಲು ಶಿವಮ್ಮಣ್ಣಿ ಬರಲಿಲ್ಲ.